ನುಗ್ಲಿಯ ಕತ್ತಿ

ಗುಡಿಸಲು ಕಟ್ಟುವಾಗ ಒಂದೇ ಷರತ್ತು, ಕಬ್ಬಿಣ ಕೂಡದು.
ಮೊಳೆ ತಾಮ್ರದ್ದು, ಅಗುಳಿ ಮರದ್ದು.
ಚಿರೇಕಲ್ಲೂ ಬೇಡ, ಅಂದರು ಬಂದವರು,
ಅದರ ಕೆಂಪಿನೊಳಗೆ ಕಬ್ಬಿಣದ ನೆನಪಿದೆ.
ಸಾಣಿಕಟ್ಟೆಯ ಉಪ್ಪಿನಾಗರದ ಅಂಚಿಗೆ
ಗಾಳಿಮರಗಳ ಮರಳಿನಲ್ಲಿ
ಹಲಗೆಯ ಗೋಡೆ, ಮಡಲಿನ ಮಾಡು.
ಆಗರದ ಹೊನ್ನಪ್ಪಣ್ಣ ನಕ್ಕ:
ಇದೆಂಥ ಹೊಸ ಕಟ್ಟಳೆ?
ಉಪ್ಪು ಕಬ್ಬಿಣವನ್ನು ತಿನ್ನುತ್ತದೆಂದು
ನನ್ನಜ್ಜನೂ ಮರದ ಹಲಗೆಯಲ್ಲೇ ಎಳೆದ.

ಒಳಗೊಂದು ಪೆಟ್ಟಿಗೆ, ಸುಲಿದ ತೆಂಗಿನಕಾಯಿಯಷ್ಟು.
ಸೂರ್ಯ ಭೂಮಿಯ ಅಯಸ್ಕಾಂತವನ್ನು
ಎಷ್ಟು ಅಲುಗಿಸಿದನೆಂದು
ಸೆಕೆಂಡಿಗೊಮ್ಮೆ ಬರೆಯುತ್ತದೆ.
ಕಾವಲು ನನ್ನದು.
ಹೇರ್‌ಪಿನ್ನು, ಸೇಫ್ಟಿಪಿನ್ನು, ಮನೆಯ ಬೀಗದಕೈ
ಐವತ್ತು ಹೆಜ್ಜೆ ಆಚೆ ಡಬ್ಬಿಯಲ್ಲಿ ಬಿಟ್ಟು
ಕೂದಲು ಬಿಚ್ಚಿಕೊಂಡು ಒಳಗೆ ಹೋಗುತ್ತೇನೆ
ಮೈಮೇಲೆ ಬಂದವಳ ಹಾಗೆ.

ಒಂದು ಮಂಗಳವಾರ ಗೆರೆ ಎದ್ದು ಕುಣಿಯಿತು,
ಹತ್ತು ಹದಿನಾಲ್ಕರಿಂದ ಇಪ್ಪತ್ತು ನಿಮಿಷ.
ಮೂರು ದಿನ ಬಿಟ್ಟು ಫಿನ್ಲೆಂಡಿನಿಂದ ಐನೋ ಬರೆದಳು:
ನಿನ್ನ ಈ ಮಂಗಳವಾರ ನಮ್ಮ ಯಾರಲ್ಲೂ ಇಲ್ಲ.
ನಿಮ್ಮ ಊರಿನ ಸೂರ್ಯ ಬೇರೆಯೇ?

ಉತ್ತರ ಗೊತ್ತಿತ್ತು.
'ಉಪಕರಣದ ದೋಷ' ಎಂಬ ಮರ್ಯಾದೆಯ ಮಾತೊಂದು
ಕೈಗೆಟುಕುವಷ್ಟು ಹತ್ತಿರ ಇತ್ತು.
ಒಂದು ಇಡೀ ಸಂಜೆ ಅದನ್ನೇ ನೋಡುತ್ತ ಕೂತೆ.
ಆಮೇಲೆ ಬರೆದೆ: ಹುಲ್ಲು ಕೊಯ್ಯಲು ನುಗ್ಲಿ ಬಂದಿದ್ದಳು.
ಸೊಂಟದಲ್ಲಿ ಕತ್ತಿ.
ಬಿಸಿಲಿಗೆ ಸೋತು ಗುಡಿಸಲಿಗೊರಗಿ ಎಲೆಯಡಿಕೆ ಹಾಕಿದಳು.
ನಾನೂ ಜೊತೆಗೆ ಕೂತು ಒಂದು ಎಲೆ ಹಾಕಿದೆ.

ಮೊದಲು ಪೆರುವಿನಿಂದ ಇಸಿಡ್ರೋ ಬರೆದ:
ಕಳೆದ ವರ್ಷ ನಾನು ಹಿಡಿದ ಸೌರ ಬಿರುಗಾಳಿ
ಲಾಮಾ ಎಂಬ ನಮ್ಮ ಹೊರೆಪ್ರಾಣಿಯ ಕೊರಳ ಗಂಟೆ.
ಇಥಿಯೋಪಿಯಾದಿಂದ ತ್ಸೆಹಾಯ್
(ಅವಳ ಹೆಸರಿಗೆ ಅವರಲ್ಲಿ ಸೂರ್ಯ ಎಂದೇ ಅರ್ಥವಂತೆ):
ಬೇಲಿಯಾಚೆ ಮದುವೆಯ ಕಾರು ನಿಂತಿತ್ತು.
ಐನೋ ಎರಡು ದಿನ ಸುಮ್ಮನಿದ್ದು ಬರೆದಳು:
ಫೆಬ್ರವರಿಯ ಆ ಚೂಪು ನನ್ನದೇ ಬೂಟಿನ ಮೊಳೆ.
ಈವರೆಗೆ ಯಾರಿಗೂ ಹೇಳಿರಲಿಲ್ಲ.

ಮುಖ ನೋಡದ ನಮಗೆ
ಹೀಗೆ ಪರಿಚಯವಾಯಿತು.

ನುಗ್ಲಿಗೆ ಹೇಳಿದೆ.
ನನ್ ಕತ್ತಿ ಸುದ್ದಿ ಸಮುದ್ರ ದಾಟ್ತಾ? ಅಂದಳು.
ಕತ್ತಿ ತೆಗೆದು ತಿರುಗಿಸಿ ಮುರುಗಿಸಿ ನೋಡಿದಳು,
ಇಷ್ಟು ವರ್ಷ ಹುಲ್ಲಷ್ಟೇ ಕೊಯ್ದ ಅದನ್ನು.
ಅಂದಿನಿಂದ ನನ್ನ ಪಿನ್ನುಗಳ ಡಬ್ಬಿಯ ಪಕ್ಕ
ಅದನ್ನು ಮಲಗಿಸಿ ಬರುತ್ತಾಳೆ,
ದೇವರ ಮುಂದೆ ಚಪ್ಪಲಿ ಬಿಟ್ಟ ಹಾಗೆ.

ಸುಗ್ಗಿಯ ತಿಂಗಳು, ನಡುರಾತ್ರಿ ಎರಡು ಗಂಟೆ.
ಮನೆಯ ಪರದೆಯ ಮೇಲೆ ಗೆರೆ ಇಳಿಯತೊಡಗಿತು.
ಕುಣಿಯಲಿಲ್ಲ. ಇಳಿಯಿತು,
ಅಘನಾಶಿನಿಯ ನೀರು ಅಳಿವೆಗೆ ಸರಿದಂತೆ
ಸದ್ದಿಲ್ಲದೆ, ಕೆಸರು ಕಾಣುವಷ್ಟು.
ಹೊರಗೆ ಬಂದೆ. ಆಕಾಶ ಏನೂ ಹೇಳಲಿಲ್ಲ.
ಉಪ್ಪಿನ ಪಾತಿಗಳಲ್ಲಿ ಚುಕ್ಕಿ ಒಂದೂ ಅಲುಗಲಿಲ್ಲ.
ಐನೋಳ ಊರಲ್ಲಿ ಬಾನು ಹಸಿರಾಗಿ ಹೊತ್ತಿಕೊಂಡು
ಮಲಗಿದ ಮಕ್ಕಳನ್ನೆಲ್ಲ ಎಬ್ಬಿಸಿ
ಹಿಮದ ಮೇಲೆ ನಿಲ್ಲಿಸಿದರಂತೆ.

ಒಂದೇ ನಿಮಿಷ, ನಾಲ್ಕು ಕಡೆ.
ಬೂಟು ಹೊರಗಿದೆ, ಅಂದಳು ಐನೋ.
ಕಾರಿಲ್ಲ, ಬೀದಿಯೇ ಖಾಲಿ, ಅಂದಳು ತ್ಸೆಹಾಯ್.
ಇನ್ನೂ ನಿನ್ನೆಯ ಮಧ್ಯಾಹ್ನದಲ್ಲಿದ್ದ ಇಸಿಡ್ರೋ
ಬೆಟ್ಟ ಹತ್ತಿ ಹೋಗಿ ಗಂಟೆಯ ಪ್ರಾಣಿಯನ್ನು ಎಣಿಸಿ ಬಂದ.
ನಿನ್ನಲ್ಲಿ?
ನಾನು ಟಾರ್ಚನ್ನೂ ಡಬ್ಬಿಯಲ್ಲಿಟ್ಟು
ಕತ್ತಲಲ್ಲಿ ಗೋಡೆ ಸವರುತ್ತ
ಗುಡಿಸಲನ್ನು ಒಂದು ಸುತ್ತು ಬಂದೆ.
ಮರಳು, ಹಲಗೆ, ಮತ್ತೆ ಮರಳು.
ಬರೆದೆ: ಇಲ್ಲ.

ಬೆಳಿಗ್ಗೆ ಹೊನ್ನಪ್ಪಣ್ಣನ ರಾಶಿ ಎಂದಿನಷ್ಟೇ ಇತ್ತು.
ಬರಿಸೊಂಟದಲ್ಲಿ ಬಂದ ನುಗ್ಲಿ
ನನ್ನ ಕೆಂಪು ಕಣ್ಣು ನೋಡಿ
ಕೇಳುವ ಮೊದಲೇ ಅಂದಳು:
ರಾತ್ರಿ ನಾನಲ್ಲ, ಮಾರಾಯ್ತಿ.